ಮುಟ್ಟಬಾರದ ಮಣ್ಣಿನ ಮನೆ

ನಮ್ಮ ಶಾಲೆಯ ಅಟೆಂಡರಿಗೆ ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಇಲ್ಲಿ ಓದಿಹೋದ ತಾಯಂದಿರಿಗೂ ಈಗ ಓದುತ್ತಿರುವ ಅವರ ಮಕ್ಕಳಿಗೂ ಅವರು ಗೋಂದಣ್ಣ. ಜೇಬಿನಲ್ಲಿ ಸದಾ ಗೋಂದಿನ ಡಬ್ಬಿ. ಕಾಲು ಮುರಿದ ಬೆಂಚು, ಬೆನ್ನು ಬಿಚ್ಚಿದ ಪುಸ್ತಕ, ಏನು ಕಣ್ಣಿಗೆ ಬಿದ್ದರೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. "ನನ್ನ ಕೈಗೆ ಬಂದಿದ್ದು ಯಾವುದೂ ಮುರಿದ ಹಾಗೇ ವಾಪಸ್ ಹೋಗಿಲ್ಲ" ಎನ್ನುವುದು ಅವರಿಗಿದ್ದ ಒಂದೇ ಜಂಬ. ಮನೆಯ ನಲ್ಲಿ ಆರು ತಿಂಗಳಿಂದ ಸೋರುತ್ತಿದೆ, ಅದೊಂದು ಇವರಿಗೆ ಕಾಣುವುದಿಲ್ಲ ಎಂದು ಅವರ ಹೆಂಡತಿ ಗೊಣಗುತ್ತಿದ್ದರು.

ಅವರ ನಿವೃತ್ತಿಗೆ ಎರಡು ತಿಂಗಳಿದ್ದಾಗ ನಾನು ಒಂಬತ್ತನೇ ತರಗತಿಗೆ ಆಫ್ರಿಕಾದ ಒಂದು ಕಾದಂಬರಿ ಓದಿಸಿ, ಅದರಲ್ಲಿ ಬರುವ ಇಗ್ಬೊ ಜನರ ಬದುಕಿನ ಮೇಲೆ ಪ್ರಾಜೆಕ್ಟ್ ಮಾಡಲು ಹೇಳಿದೆ. ರಟ್ಟಿನ ಮುಖವಾಡಗಳು ಬಂದವು, ಕಡ್ಡಿಯ ಕಣಜಗಳು ಬಂದವು. ಅರ್ಧಕ್ಕರ್ಧ ಅಪ್ಪಂದಿರ ಕೈಕೆಲಸ. ಕೊನೆಯ ಬೆಂಚಿನ ಹುಡುಗಿಯೊಬ್ಬಳು ಮಾತ್ರ ಲೈಬ್ರರಿ ಜಾಲಾಡಿ, ಕಾದಂಬರಿಯಲ್ಲಿಲ್ಲದ ಸಂಗತಿಯೊಂದನ್ನು ಹುಡುಕಿ ತಂದಳು. ಇಗ್ಬೊ ಜನರಲ್ಲಿ ಕೆಲವರು ಭೂಮಿತಾಯಿಗೆಂದು ಮಣ್ಣಿನ ಮನೆ ಕಟ್ಟಿ, ಒಳಗೆ ಗೊಂಬೆಗಳನ್ನು ನಿಲ್ಲಿಸುತ್ತಿದ್ದರು. ಮುಗಿದ ಮೇಲೆ ಯಾರೂ ಅದನ್ನು ದುರಸ್ತಿ ಮಾಡುವಂತಿಲ್ಲ. ಕಟ್ಟುವುದೇ ಸೇವೆ, ಬಿದ್ದದ್ದು ಮಣ್ಣಿನ ಪಾಲು.

ಹುಡುಗಿ ಶಾಲೆಯ ಅಂಗಳದ ಮೂಲೆಯಲ್ಲಿ ಮೊಣಕಾಲೆತ್ತರದ ಅಂಥ ಮನೆ ಕಟ್ಟಿದಳು. ಅದು ಬೀಳುವುದನ್ನು ಮೂವತ್ತು ದಿನ, ದಿನಕ್ಕೊಂದರಂತೆ ಚಿತ್ರ ಬರೆಯುವುದೇ ಅವಳ ಪ್ರಾಜೆಕ್ಟ್. ಪರೀಕ್ಷೆಗಳಲ್ಲಿ ಅಷ್ಟಕ್ಕಷ್ಟೇ ಇದ್ದ ಅವಳು ಪಾಸಾಗಬೇಕಾದರೆ ಈ ಅಂಕ ಬೇಕೇ ಬೇಕಿತ್ತು.

ಹದಿನೆಂಟನೇ ದಿನ, ಸೋಮವಾರ, ನೋಡಿದರೆ ಮನೆ ಹೊಸದಾಗಿತ್ತು. ಬಿರುಕುಗಳೆಲ್ಲ ಮುಚ್ಚಿದ್ದವು, ಗೊಂಬೆಗಳ ಉದುರಿದ ಕೈಗಳು ಮತ್ತೆ ಅಂಟಿಕೊಂಡಿದ್ದವು, ಮೇಲೊಂದು ತಗಡಿನ ಮಾಡು ಬೇರೆ. ಹಿಂದಿನ ದಿನ ಹುಡುಗಿ ಚಿತ್ರ ಬರೆದು ಹೋದ ಮೇಲೆ ಗೋಂದಣ್ಣ ಭಾನುವಾರದ ರಜೆಯನ್ನೂ ಬಿಟ್ಟು ಬಂದು ದುಡಿದಿದ್ದರು.

"ಮುಟ್ಟಬೇಡಿ ಅಂತ ಚೀಟಿ ಇತ್ತಲ್ಲ?" ಎಂದು ಕೇಳಿದೆ.

"ಅದು ಮಕ್ಕಳಿಗೆ ಅಂದ್ಕೊಂಡೆ ಮೇಡಂ."

ಹುಡುಗಿ ಅಳಲಿಲ್ಲ. "ತುಂಬಾ ಚೆನ್ನಾಗಿ ಮಾಡಿದೀರಣ್ಣ, ಅದೇ ತೊಂದರೆ" ಎಂದಳು. ವಿಷಯ ತಿಳಿದಾಗ ಅವರ ಮುಖ ಸಣ್ಣದಾಯಿತು. ತಗಡನ್ನು ತೆಗೆದಿಟ್ಟರು. "ಅಂಟಿಸಿದ್ದನ್ನ ಕಿತ್ತುಬಿಡ್ಲಾ?" ಎಂದರೆ, "ಬೇಡ, ಅದೂ ಮುಟ್ಟಿದ ಹಾಗೇ ಆಗುತ್ತೆ" ಎಂದಳು. ಉಳಿದ ಹನ್ನೆರಡು ದಿನಗಳಲ್ಲಿ ಅದು ತಾನಾಗಿ ಬಿದ್ದರೆ ಅಂಕ, ಇಲ್ಲದಿದ್ದರೆ ಇಲ್ಲ ಎಂದುಬಿಟ್ಟೆ. ನಾನೂ ಸ್ವಲ್ಪ ಮೊಂಡಿಯೇ.

ಮಾಡಿದ್ದುಣ್ಣೋ ಮಹರಾಯ. ಗೋಂದಣ್ಣ ದಿನವೂ ಊಟದ ಹೊತ್ತಿಗೆ ಅದರ ಮುಂದೆ ಸ್ಟೂಲು ಹಾಕಿ, ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೂತರು. ತಮ್ಮ ಕೆಲಸ ಕೆಡಲಿ ಎಂದು ಅವರು ಬೇಡಿಕೊಂಡದ್ದು ಜೀವಮಾನದಲ್ಲಿ ಅದೇ ಮೊದಲು. ಎರಡು ಸಲ ಮಳೆ ಬಂತು. ಗೋಡೆಗಳು ಕುಸಿದವು. ಭೂಮಿತಾಯಿಯ ಗೊಂಬೆ ಮಾತ್ರ ಜಪ್ಪಯ್ಯ ಎನ್ನಲಿಲ್ಲ. ಹುಡುಗಿಗಿಂತ ಹೆಚ್ಚು ಸೊರಗಿದವರು ಅವರೇ. ನನಗೂ ಪಾಪ ಎನಿಸಿತು.

ಮೂವತ್ತನೇ ದಿನ ಬೆಳಿಗ್ಗೆ ಗೊಂಬೆ ಬಿದ್ದಿತ್ತು. ಕೆಸರಿನಲ್ಲಿ ಉಳಿದಿದ್ದದ್ದು ಗೋಂದು ಬೆರೆತ ಒಂದು ಭುಜ, ಅದಕ್ಕಂಟಿದ ಒಂದು ಕೈ. ಹುಡುಗಿ ಅದನ್ನೇ ಕೊನೆಯ ಚಿತ್ರವಾಗಿ ಬರೆದಳು. ನಾನು ಪೂರ್ತಿ ಅಂಕ ಕೊಟ್ಟೆ.

ಬೀಳ್ಕೊಡುಗೆಯ ದಿನ ಅವಳು ಆ ತುಂಡನ್ನು ಕಾಗದದಲ್ಲಿ ಸುತ್ತಿ ಗೋಂದಣ್ಣನಿಗೆ ಕೊಟ್ಟಳು. ಮೊನ್ನೆ ಅವರ ಮನೆಗೆ ಹೋಗಿದ್ದೆ. ನಲ್ಲಿ ಇನ್ನೂ ಸೋರುತ್ತಿತ್ತು. ತುಂಡು ಕಿಟಕಿಯ ಮೇಲಿತ್ತು, ಬೆರಳೊಂದು ಉದುರಿತ್ತು. "ಅಂಟಿಸಬಾರದಾ ಅಂದ್ರೆ ಕೇಳಲ್ಲ ಇವರು" ಎನ್ನುತ್ತ ಅವರ ಹೆಂಡತಿ ಅದನ್ನು ಎತ್ತಿಕೊಳ್ಳಲು ಹೋದರು.

"ಮುಟ್ಟಬೇಡ ಕಣೇ" ಎಂದರು ಗೋಂದಣ್ಣ.