ಕರೆಂಟು ಹೋದ ಮೇಲಿನ ಏಳನೇ ನಂಬರು

ಆ ಲ್ಯಾಬು ನೆನಪಾದರೆ ನನಗೆ ಇವತ್ತಿಗೂ ಹೇಸಿಗೆ. ಚನ್ನಗಿರಿಯ ಅಂಗಡಿ, ಕ್ಲಿನಿಕ್ಕುಗಳ ಕಂಪ್ಯೂಟರ್ ಪ್ರೋಗ್ರಾಂ ರಿಪೇರಿ ಮಾಡಿಕೊಂಡು ಬದುಕುವವಳು ನಾನು. ಆ ರಕ್ತಪರೀಕ್ಷೆಯ ಲ್ಯಾಬಿಗೂ ಹಾಗೇ ಹೋಗಿದ್ದೆ. ಮಾಲೀಕ ರಕ್ತದ ಟ್ಯೂಬುಗಳ ಪಕ್ಕದ ಸಿಂಕಿನಲ್ಲೇ ಗುಟ್ಕಾ ಉಗುಳುತ್ತಿದ್ದ. ಥೂ! ಅದನ್ನಾದರೂ ಸಹಿಸಬಹುದಿತ್ತು, ಅವನ ಪ್ರೋಗ್ರಾಮನ್ನಲ್ಲ.

ಪ್ರೋಗ್ರಾಮಿನಲ್ಲಿ ಒಂದೊಂದು ಟ್ಯೂಬೂ ಒಂದೊಂದು ಆಬ್ಜೆಕ್ಟ್, ಅಂದರೆ ಬೇರೆ ಬೇರೆ ದಾಖಲೆ. ನೋಡಲು ಎಲ್ಲವೂ ಒಂದೇ ಥರ. ಅದಕ್ಕೇ ಹುಟ್ಟುತ್ತಲೇ ಪ್ರತಿಯೊಂದಕ್ಕೂ ತನ್ನದೇ ನಂಬರು ಕೊಡಬೇಕು, ಕೊಟ್ಟದ್ದು ಇನ್ನೊಂದಕ್ಕೆ ಹೋಗಕೂಡದು. ಆದರೆ ಇದನ್ನು ಬರೆದ ಪುಣ್ಯಾತ್ಮ ಎಣಿಕೆಯನ್ನು ಎಲ್ಲೂ ಉಳಿಸಿರಲಿಲ್ಲ. ಕರೆಂಟು ಹೋಗಿ ಬಂದರೆ ನಂಬರು ಮತ್ತೆ ಒಂದರಿಂದ ಶುರು. ನಮ್ಮಲ್ಲಿ ಕರೆಂಟು ಹೋಗುವುದಕ್ಕೇನು ಬರವೇ?

ಮೊದಲ ದಿನವೇ ಮಾಲೀಕನಿಗೆ ಹೇಳಿದೆ.

"ನಂಬರು ಉದ್ದ ಆಗ್ತಾ ಹೋದ್ರೆ ಪೇಷೆಂಟುಗಳ್ನ ಕೂಗಾಕೆ ಬರಲ್ಲ ಬಿಡ್ರೀ ಮೇಡಂ. ನೀವು ಪ್ರಿಂಟರ್ ಸರಿ ಮಾಡಿ ಹೋಗ್ರಿ," ಎಂದ.

ಇನ್ನೊಮ್ಮೆ ಹೋದಾಗ, ನಾನಲ್ಲಿರುವಾಗಲೇ ಕೆರೆಬಿಳಚಿಯ ಹೆಂಗಸೊಬ್ಬಳು ಬಂದು ಎರಡು ರಿಪೋರ್ಟು ಮೇಜಿಗೆ ಬಡಿದಳು. ಈ ಲ್ಯಾಬಿನ ಪ್ರಕಾರ ಅವಳ ಕಿಡ್ನಿ ಕೆಟ್ಟಿತ್ತು. ದಾವಣಗೆರೆಯಲ್ಲಿ ಮತ್ತೆ ಮಾಡಿಸಿದರೆ ಏನೂ ಇಲ್ಲ.

"ಹೊಟ್ಟೆಗೆ ಅನ್ನ ಇಳಿದಿಲ್ಲ ಕಣ್ರೀ ನಂಗೆ. ಮಕ್ಳನ್ನ ಯಾರ ಕೈಗೆ ಹಾಕ್ಲಿ ಅಂತ ಅತ್ತು ಅತ್ತು ಸಾಕಾಗೈತೆ. ನಿಮ್ ಮನೆ ಹಾಳಾಗ!"

ನಾನು ಕಂಪ್ಯೂಟರ್ ತೆಗೆದು ನೋಡಿದೆ. ಆ ದಿನ ಇಬ್ಬರಿಗೆ ಏಳನೇ ನಂಬರು. ಕರೆಂಟು ಹೋಗುವ ಮುಂಚಿನದು ಇವಳದು, ಬಂದ ಮೇಲಿನದು ಉಬ್ರಾಣಿಯ ಒಬ್ಬ ಹೆಂಗಸಿನದು. ಇವಳ ಫಲಿತಾಂಶ ಅವಳಿಗೆ, ಅವಳದು ಇವಳಿಗೆ ಹೋಗಿತ್ತು. ವಿಷಯ ಹೇಳಿದೆ. ಮಾಲೀಕ ನಾಚಿಕೆಯಿಲ್ಲದೆ ಹೊಸ ರಿಪೋರ್ಟು ಪ್ರಿಂಟು ತೆಗೆದು ಇವಳ ಕೈಗಿಟ್ಟ.

"ಸರಿ ಆತಲ್ಲ, ಹೋಗ್ರಿ."

"ಉಬ್ರಾಣಿಯವರಿಗೆ ಯಾರ್ರೀ ಹೇಳೋರು?" ಎಂದೆ.

"ಆಯಮ್ಮ ಬಂದು ಕೇಳಿಲ್ವಲ್ಲ ಮೇಡಂ. ನಾವಾಗೇ ಯಾಕೆ ಮೈಮ್ಯಾಲೆ ಎಳ್ಕಾಬೇಕು?"

ಅವನ ಮುಖಕ್ಕೆ ಉಗಿಯಬೇಕೆನಿಸಿತು. ಉಗಿದರೆ ನನ್ನ ಬಾಯಿಯೇ ಹೊಲಸಾಗುತ್ತಿತ್ತು. ಅಷ್ಟರಲ್ಲಿ ಕೆರೆಬಿಳಚಿಯವಳು ಸೆರಗು ಸಿಕ್ಕಿಸಿಕೊಂಡು ಎದ್ದಳು.

"ನಡೀರಿ ಅಕ್ಕಾರೆ. ಈ ಮುಂಡೇಗಂಡನ ಹತ್ರ ಏನು ಮಾತು, ನಾವೇ ಹೋಗಿ ಹೇಳಾನ."

ಬಸ್ಸು ಹತ್ತಿ ಉಬ್ರಾಣಿಗೆ ಹೋದೆವು. ಕಂಪ್ಯೂಟರಿನಲ್ಲಿ ಕಂಡ ಹೆಸರು ಹೇಳಿ ಕೇಳಿದಾಗ ಮನೆ ಸಿಕ್ಕಿತು. ಬಾಗಿಲು ತೆಗೆದವರು ಅವರೇ; ಮುಖ, ಪಾದ ಎರಡೂ ಊದಿಕೊಂಡಿದ್ದವು. ಲ್ಯಾಬಿನ ವಿಚಾರ ಮಾತಾಡಲು ಬಂದಿದ್ದೇವೆ ಎಂದ ತಕ್ಷಣ ಖುಷಿಯಿಂದ ಕೂರಿಸಿ ಚಾ ಕೊಟ್ಟರು.

"ಕಿಡ್ನಿ ಮಾತ್ರೆ ನುಂಗಿ ನುಂಗಿ ನಾಲಿಗೆ ಸತ್ತೋಗಿತ್ತು ಕಣವ್ವ. ರಿಪೋರ್ಟು ಚೆನ್ನಾಗಿ ಬಂತು ನೋಡು, ಅವತ್ತೇ ಎಲ್ಲಾ ತಿಪ್ಪೆಗೆ ಬಿಸಾಕಿದೆ," ಎನ್ನುತ್ತಾ ದೇವರ ಗೂಡಿನಿಂದ ಕುಂಕುಮ ಹಚ್ಚಿದ ಕಾಗದ ತಂದು ತೋರಿಸಿದರು.

ಕೆರೆಬಿಳಚಿಯವಳು ಚಾದ ಲೋಟ ಕೆಳಗಿಟ್ಟು ಅವರ ಕೈ ಹಿಡಿದುಕೊಂಡಳು.

"ಅಕ್ಕಾ, ಅದು ನನ್ನ ರಕ್ತದ್ದು."