ಕಪ್ಪು ಮೂತಿ, ಉಳಿಕೆ ನಾಲ್ಕು

ನಮ್ಮ ದೊಡ್ಡಪ್ಪನ ಬಾಯಿಗೆ ಯಲ್ಲದಕೆರೆಯ ಕುರಿಗಾರರೆಲ್ಲ ಹೆದರುತ್ತಿದ್ದರು. ಬೈಯಲು ನಿಂತರೆ ಮೂರು ತಲೆಮಾರನ್ನು ಎಳೆದು ತರುವ ಮನುಷ್ಯ. ನನಗೆ ಎಣಿಕೆ ಕಲಿಸಿದ್ದೂ ಅದೇ ಬಾಯಿ. ಸಂಖ್ಯೆ ಎಷ್ಟೇ ಉದ್ದ ಇರಲಿ, ಅಂಕಿಗಳನ್ನು ಕೂಡು, ಬಂದದ್ದನ್ನು ಮತ್ತೆ ಕೂಡು, ಒಂದೇ ಅಂಕಿ ಉಳಿಯೋ ತನಕ ಬಿಡಬೇಡ ಅನ್ನುತ್ತಿದ್ದ. ಅದು ಒಂಬತ್ತರಿಂದ ಭಾಗಿಸಿದಾಗಿನ ಶೇಷ ಅಂತ ನನಗೆ ತಿಳಿದದ್ದು ಸಿರಿಗೆರೆಗೆ ಓದಲು ಹೋದ ಮೇಲೆ.

ಕುರಿಗಳ ಕಿವಿಗೆ ಸರ್ಕಾರದ ಹನ್ನೆರಡು ಅಂಕಿಯ ಹಳದಿ ಓಲೆ ಬರುವ ಹೊತ್ತಿಗೆ ದೊಡ್ಡಪ್ಪನ ಕಣ್ಣಿಗೆ ಪೊರೆ ಬಂದಿತ್ತು. ಯಾರಿಗೂ ಹೇಳಲಿಲ್ಲ. ಓಲೆಯನ್ನು ಮೂಗಿಗೆ ತಾಗಿಸಿ ಓದಿ, ಕೂಡಿ, ಕೊನೆಗೆ ಉಳಿದ ಅಂಕಿಯನ್ನಷ್ಟೇ ಮನಸ್ಸಿನಲ್ಲಿಟ್ಟುಕೊಳ್ಳುತ್ತಿದ್ದ. ಕಪ್ಪು ಮೂತಿ, ನಾಲ್ಕು. ಸೀಳು ಕಿವಿ, ಏಳು. "ಇನ್ನೊಂದು ಸಲ ಬ್ಯಾರೇರ ಮಂದೆ ಜೊತೆ ಬೆರೆಸಿದ್ರೆ ಕೋಲು ಕೊಟ್ಟು ಮನೇಲಿ ಕುಂತ್ಕಳಪ್ಪ" ಅಂತ ಅವನ ಮಗ ಆಗಲೇ ಎಚ್ಚರಿಸಿದ್ದ.

ಹೋದ ವರ್ಷ ನಾನು ಬುತ್ತಿ ಕೊಡಲು ಕೆರೆಗೆ ಹೋದಾಗ ಜಗಳ ಹತ್ತಿಕೊಂಡಿತ್ತು. ಹುಲ್ಲಿನ ವಿಷಯಕ್ಕೆ ಮಾತು ಬಿಟ್ಟಿದ್ದ ನಮ್ಮ ಓಣಿಯವನ ಮಂದೆಯಿಂದ ದೊಡ್ಡಪ್ಪ ಕಪ್ಪು ಮೂತಿಯ ಒಂದು ಕುರಿಯನ್ನು ಕಾಲು ಹಿಡಿದು ಎಳೆದಿದ್ದ.

"ನನ್ ಕುರಿ ಹೊಡ್ಕಂಡು ಹೋಗ್ತೀಯೇನಲೇ, ಕಳ್ಳ."

"ಮುಖ ನೋಡೋ ಮುದುಕ. ಗುರ್ತು ಸಿಗದಿದ್ರೆ ಅದನ್ನಾದ್ರೂ ಹೇಳು."

"ಓಲೆ ಓದೀನಿ. ಕೂಡಿದ್ರೆ ನಲವತ್ತು. ಅಂದ್ರೆ ನಾಲ್ಕು. ಇದು ನಂದೇ."

ಅವನು ನನ್ನ ಕಡೆ ತಿರುಗಿದ. "ಲೆಕ್ಕದ ಮೇಡಮ್ ಇಲ್ಲೇ ಐತಲ್ಲ. ಓದವ್ವ, ನಿಮ್ಮ ದೊಡ್ಡಪ್ಪನ ಹಣೇಬರ."

ಓದಿದೆ: 340172261554. ಮೂವತ್ನಾಲ್ಕು ಸಾವಿರ ಕೋಟಿ ದಾಟಿದ ಸಂಖ್ಯೆ. ಕೂಡಿದರೆ ನಲವತ್ತು, ನಿಜ. ಆದರೆ ದೊಡ್ಡಪ್ಪನ ಕುರಿಗಳ ಓಲೆ ಸಂಖ್ಯೆ ಬರೆದ ಚೀಟಿಯ ಫೋಟೊ ನನ್ನ ಫೋನಿನಲ್ಲಿತ್ತು. ಅದರಲ್ಲಿ ಕಪ್ಪು ಮೂತಿಯ ಸಂಖ್ಯೆಯ ಕೊನೆ ಐವತ್ನಾಲ್ಕಲ್ಲ, ನಲವತ್ತೈದು. ಎರಡೂ ಮಂದೆಗೆ ಒಂದೇ ದಿನ ಸಾಲು ಸಂಖ್ಯೆಯ ಓಲೆ ಹಾಕಿದ್ದರು. ಸಾಲಿನಲ್ಲಿ ಪ್ರತಿ ಒಂಬತ್ತನೆಯದಕ್ಕೂ ಅದೇ ಉಳಿಕೆ.

"ದೊಡ್ಡಪ್ಪ, ಇದು ನಮ್ಮದಲ್ಲ. ಒಂಬತ್ತು ಹೆಚ್ಚೈತೆ" ಅಂದೆ.

ನೀರು ಕುಡಿಸಲು ಬಂದಿದ್ದವರೆಲ್ಲ ನಕ್ಕರು. "ಕಳ್ಳ ಯಾರು ಈಗ ಹೇಳು" ಅಂತ ಅವನು ಕುರಿಯನ್ನು ಕಿತ್ತುಕೊಂಡ. ದೊಡ್ಡಪ್ಪನ ಬಾಯಿಂದ ಒಂದು ಬೈಗುಳವೂ ಬರಲಿಲ್ಲ. ನಮ್ಮ ಕಪ್ಪು ಮೂತಿ ನಮ್ಮ ಮಂದೆಯಲ್ಲೇ, ಹತ್ತು ಮಾರು ಆಚೆ ಜಾಲಿಯ ನೆರಳಲ್ಲಿ ನಿಂತಿತ್ತು.

ಸುದ್ದಿ ನಮಗಿಂತ ಮೊದಲೇ ಮನೆ ಸೇರಿತ್ತು. ಮಗ ಕೈ ಚಾಚಿದ. ದೊಡ್ಡಪ್ಪ ಕೋಲು ಕೊಟ್ಟ.

ನಾನು ನೀರು ತಂದಿಟ್ಟೆ. ಚೊಂಬನ್ನು ಕಾಲಿಂದ ಆಚೆ ನೂಕಿದ.

"ಲೆಕ್ಕ ಸರಿ ಹೇಳ್ದೆ ಬಿಡು. ಮನೆಗೆ ಬಂದು ಹೇಳಿದ್ರೆ ಆಗ್ತಿರಲಿಲ್ಲವೇನೇ?"

ಆಮೇಲೆ ನನ್ನ ಜೊತೆ ಮಾತಾಡಿಲ್ಲ.