ಮಸ್ಕಿಯ ಜೋಗಮ್ಮ ಬರೆಸಿದ ಕಾಗದ

ಜೋಗಮ್ಮನ ಬಲಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಯಾವುದೋ ಸಂತೆಯಲ್ಲಿ ಕುಡಿದವನೊಬ್ಬ "ಗಂಡಸಿಗೆ ಓಲಿ ಯಾಕಲೇ" ಎಂದು ಜಗ್ಗಿ ಕಿತ್ತಿದ್ದನಂತೆ. ಗಾಯ ಮಾಯ್ದ ಮೇಲೆ ಆಕೆ ಸೀಳಿನ ಮೇಲ್ಗಡೆ ಇನ್ನೊಂದು ತೂತು ಹಾಕಿಸಿಕೊಂಡು ಅದೇ ಓಲೆಯನ್ನು ತೊಟ್ಟಳು. ಹಣೆ ತುಂಬ ಅರಿಶಿನದ ಭಂಡಾರ, ಕೈ ತುಂಬ ಹಸಿರು ಬಳೆ, ಗಡಸು ದನಿ. ಗಂಡಾಗಿ ಹುಟ್ಟಿ, ಎಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡು ಹೆಣ್ಣಾಗಿ ಬಾಳಿದವಳು.

ಕಾಲುವೆ ಕೆಲಸ ನಡೆದಿದ್ದ ವರ್ಷಗಳವು. ಸಿಂಧನೂರಿನ ಆಚೆ ಕೂಲಿಕಾರರಿಗೆಂದು ತೆರೆದಿದ್ದ ಸಣ್ಣ ದವಾಖಾನೆಯಲ್ಲಿ ನಾನು ನರ್ಸು. ಹೊಸಬಳು, ಡಾಕ್ಟರ ಕೆಮ್ಮಿಗೂ ಹೆದರುತ್ತಿದ್ದವಳು. ಜೋಗಮ್ಮ ಮಸ್ಕಿಯವಳು. ದೇವಿಯ ಹೆಸರಿನಲ್ಲಿ ಜೋಗ ಬೇಡಲು ಹೋದ ಊರಿನಲ್ಲಿ ದಿನ ತುಂಬಿದ ಬಸುರಿ ಕಂಡರೆ ಬಂಡಿ ಹೂಡಿಸಿ, ತಾನೇ ಅವಳ ಕೈ ಹಿಡಿದು ಕೂತು ನಮ್ಮಲ್ಲಿಗೆ ಕರೆತರುತ್ತಿದ್ದಳು. ಯಾರಾದರೂ "ಏ ಜೋಗಪ್ಪ" ಎಂದರೆ ತಿರುಗಿಯೂ ನೋಡುತ್ತಿರಲಿಲ್ಲ. "ಜೋಗಮ್ಮ" ಎಂದರೆ ಮಾತ್ರ "ಏನ್ ಯವ್ವಾ" ಎನ್ನುವಳು.

ಒಂದು ಬೇಸಿಗೆಯಲ್ಲಿ ಆಕೆ ಬಂಡಿಯಲ್ಲಿ ತಂದದ್ದು ಬಸುರಿಯನ್ನಲ್ಲ, ತನ್ನ ಹಾಗೆಯೇ ಗಂಡಾಗಿ ಹುಟ್ಟಿ ಜೋಗತಿಯಾಗಿದ್ದ ಎಳೆಯವಳೊಬ್ಬಳನ್ನು. ಮಗಳು ಎಂದೇ ಸಾಕಿಕೊಂಡಿದ್ದಳು. ಜವಳಗೇರಾದ ಕಡೆ ಯಾರೋ ಕಲ್ಲು ಹೊಡೆದು ತಲೆ ಒಡೆದಿದ್ದರು. ಡಾಕ್ಟರು ನೋಡಿ, "ಗಂಡಸರ ವಾರ್ಡಿಗೆ ಹಾಕು" ಎಂದರು.

"ಅಲ್ಲಿ ಹಾಕಬ್ಯಾಡ್ರಿ ಸಾಹೇಬ್ರ. ಕಲ್ಲು ಹೊಡದೋರು ಅಂಥೋರ ಅದಾರ್ರೀ. ಹೆಂಗಸರ ಕಡೆ ಒಂದು ಮೂಲಿ ಕೊಡ್ರಿ" ಎಂದು ಜೋಗಮ್ಮ ಕೈಮುಗಿದಳು.

ಡಾಕ್ಟರು ಒಪ್ಪಲಿಲ್ಲ. ಹೆಂಗಸರ ವಾರ್ಡಿನಲ್ಲಿ ಎರಡು ಮಂಚ ಖಾಲಿ ಇದ್ದವು. ನಾನು ಬಾಯಿ ಬಿಡಲಿಲ್ಲ. ಕೊನೆಗೆ ವರಾಂಡದಲ್ಲಿ ಚಾಪೆ ಹಾಸಿ ಮಲಗಿಸಿದೆವು. ಬಿಸಿಗಾಳಿ, ಧೂಳು, ಹೋಗಿಬರುವವರ ಕಣ್ಣು. ಮೂರು ದಿನ ಜೋಗಮ್ಮ ಸೆರಗಿನಿಂದ ಗಾಳಿ ಹಾಕುತ್ತ ಅಲ್ಲೇ ಕೂತಿದ್ದಳು. ನಾಲ್ಕನೆಯ ದಿನ ಬೆಳಿಗ್ಗೆ ಬಟ್ಟೆ ತರಲು ಮಸ್ಕಿಗೆ ಹೋದಳು. ಆಕೆ ಹೋದ ಸ್ವಲ್ಪ ಹೊತ್ತಿಗೇ ಆ ಹುಡುಗಿ ಉಸಿರು ಬಿಟ್ಟಳು.

ಸುದ್ದಿ ಮುಟ್ಟಿ ಜವಳಗೇರಾ ಕಡೆಯಿಂದ ಆ ಹುಡುಗಿಯ ಅಣ್ಣಂದಿರಿಬ್ಬರು ಬಂದರು. ವರ್ಷಗಟ್ಟಲೆ ಅವಳ ಮುಖ ನೋಡದವರು. ಕೈಯಲ್ಲಿ ಧೋತರವಿತ್ತು. "ಹಿಂಗ ಒಯ್ದ್ರ ಊರಾಗ ಮಾನ ಹೋಗತೈತ್ರಿ. ಒಂದು ಕತ್ರಿ ಕೊಡ್ರಿ" ಎಂದು ದೊಡ್ಡವನು ಕೇಳಿದ.

ನಾನು ಕೊಟ್ಟೆ. ಯಾಕೆ ಬೇಕು ಎಂದು ತಿಳಿದೇ ಕೊಟ್ಟೆ.

ಅವಳನ್ನು ಒಳಕೋಣೆಗೆ ಒಯ್ದು ಬಾಗಿಲು ಹಾಕಿಕೊಂಡರು. ಹೊರಗೆ ನಿಂತವಳಿಗೆ ಬಳೆ ಒಡೆಯುವ ಸದ್ದು ಕೇಳಿಸಿತು. ಒಂದೇ ಸಲಕ್ಕಲ್ಲ, ಒಂದಾದ ಮೇಲೊಂದು. ಹೊರಗೆ ತಂದಾಗ ಅವಳ ಉದ್ದ ಕೂದಲಿರಲಿಲ್ಲ. ಧೋತರ ಉಟ್ಟ ಒಬ್ಬ ಹುಡುಗನನ್ನು ಹೊತ್ತೊಯ್ದರು.

ಮಧ್ಯಾಹ್ನದ ಬಸ್ಸಿಗೆ ಜೋಗಮ್ಮ ಬಂದಳು. ಖಾಲಿ ಚಾಪೆ ನೋಡಿದಳು. ಅಳಲಿಲ್ಲ. "ಆಕೀ ಸೀರಿ ಎಲ್ಲೈತಿ?" ಎಂದು ಮಾತ್ರ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ. ಸೀರೆ ಹಿತ್ತಲ ಕಸದಲ್ಲಿ ಬಿದ್ದಿತ್ತು. ತಾನೇ ಹುಡುಕಿಕೊಂಡು, ಕೊಡವಿ, ಮಡಚಿ ಎದೆಗವಚಿಕೊಂಡು ಹೋದಳು.

ಎಂಟು ದಿನ ಬಿಟ್ಟು ತಿರುಗಿ ಬಂದಾಗ ಒಬ್ಬಳೇ ಇರಲಿಲ್ಲ. ಲಿಂಗಸೂಗೂರು, ಮಸ್ಕಿ, ಸಿಂಧನೂರಿನ ಜೋಗಮ್ಮಂದಿರೆಲ್ಲ ಜೊತೆಗಿದ್ದರು. ದವಾಖಾನೆಯ ಅಂಗಳದಲ್ಲಿ ಸಾಲಾಗಿ ಕೂತರು. ಕೇಳಿದ್ದು ಎರಡೇ ಮಾತು: ಬೇನೆ ಬಿದ್ದರೆ ಹೆಂಗಸರ ವಾರ್ಡಿನಲ್ಲಿ ಮಂಚ ಬೇಕು, ಸತ್ತರೆ ಮೈಮೇಲಿನ ಸೀರೆಯನ್ನು ಯಾರೂ ಬಿಚ್ಚಬಾರದು.

"ಕಾನೂನಿನಾಗ ಹಂಗಿಲ್ಲ" ಎಂದರು ಡಾಕ್ಟರು.

"ಹಂಗಾರ ಇವತ್ತಿನಿಂದ ಐತಿ ಅಂತ ಬರಕೊಳ್ರಿ ಸಾಹೇಬ್ರ."

ಮೊದಲು ಎಲ್ಲರೂ ನಕ್ಕರು. ಎರಡನೆಯ ದಿನ ನಗು ನಿಂತಿತು. ಮೂರನೆಯ ದಿನ ಹೆಂಗಸರ ವಾರ್ಡಿನಿಂದ ವಳಕಮದಿನ್ನಿಯ ಬಾಣಂತಿಯೊಬ್ಬಳು ಕೂಸನ್ನು ಎತ್ತಿಕೊಂಡು ಹೊರಗೆ ಬಂದಳು. ಜೋಗಮ್ಮನೇ ಬಂಡಿಯಲ್ಲಿ ಕರೆತಂದಿದ್ದವಳು. "ಬ್ಯಾನಿ ತಿನ್ನೂ ಹೊತ್ತಿನಾಗ ನನ್ನ ಕೈ ಹಿಡದಾಕಿ ಈಕಿ. ನನ್ನ ಮಗ್ಗಲದಾಗ ಮಲಗಿದ್ರ ನಿಮಗೇನ್ರಿ ಆಗೋದು?" ಎಂದು ಡಾಕ್ಟರನ್ನು ಕೇಳಿ, ಜೋಗಮ್ಮಂದಿರ ಪಕ್ಕದಲ್ಲೇ ಕೂತುಬಿಟ್ಟಳು. ಉಳಿದ ಹೆಂಗಸರೂ ಬಂದರು. ಸಂಜೆಗೆ ಡಾಕ್ಟರು ಮಂಚದ ಮಾತಿಗೆ ಒಪ್ಪಿದರು. ಸೀರೆಯದು ತಮ್ಮ ಕೈಯಲ್ಲಿಲ್ಲ, ಬೇಕಾದರೆ ಬದುಕಿರುವಾಗಲೇ ಬರೆಸಿ ಹೆಬ್ಬೆಟ್ಟು ಒತ್ತಲಿ ಎಂದರು.

ಬರೆಯಲು ಜೋಗಮ್ಮ ನನ್ನನ್ನೇ ಕರೆದಳು. ಪೆನ್ನು ಹಿಡಿದವಳು ಕೆಳಗಿಟ್ಟೆ. "ಆವತ್ತು ಕತ್ತರಿ ಕೊಟ್ಟವಳು ನಾನೇ" ಎಂದುಬಿಟ್ಟೆ.

ಆಕೆ ಕಾಗದವನ್ನು ನನ್ನ ಮುಂದಿನಿಂದ ತೆಗೆದುಕೊಂಡಳು. ಆಮೇಲೆ, "ಕೈ ತೊಳಕೊಂಡು ಬಾ. ಆಮ್ಯಾಲ ಬರಿ" ಎಂದಳು.

ನಾನು ತೊಳೆದುಕೊಂಡು ಬಂದು ಬರೆದೆ. ಕ್ಷಮಿಸಿದೆ ಎಂದು ಆಕೆ ಆಗಲೂ ಹೇಳಲಿಲ್ಲ, ಮುಂದೆಯೂ ಹೇಳಲಿಲ್ಲ.

ಕೆಲವು ವರ್ಷಗಳಾದ ಮೇಲೆ ಜೋಗಮ್ಮ ಅದೇ ಹೆಂಗಸರ ವಾರ್ಡಿನಲ್ಲಿ, ಕಿಟಕಿ ಪಕ್ಕದ ಮಂಚದಲ್ಲಿ ತೀರಿಕೊಂಡಳು. ತಮ್ಮನೊಬ್ಬ ಬಂದು "ನಮ್ಮ ಅಣ್ಣನ್ನ ನಮ್ಮ ಪದ್ಧತಿ ಪ್ರಕಾರ ಒಯ್ತೀವಿ" ಎಂದ. ನಾನು ಬಾಗಿಲಿಗೆ ಅಡ್ಡ ನಿಂತು ಕಾಗದ ಓದಿದೆ. ಅವನು ಕೂಗಾಡಿದ, ನನ್ನನ್ನು ಬೈದ, ಕೊನೆಗೆ ಹೆಣ ಮುಟ್ಟದೆ ಹೋದ. ಜೋಗಮ್ಮಂದಿರು ಆಕೆಯನ್ನು ಹಸಿರು ಸೀರೆಯಲ್ಲೇ ಮಸ್ಕಿಗೆ ಒಯ್ದು ಮಣ್ಣು ಮಾಡಿದರು.

ಸಾಯುವ ಮುಂಚಿನ ದಿನ ಆಕೆ ನನ್ನನ್ನು ಹತ್ತಿರ ಕರೆದು, "ನನ್ನ ಮಗಳು ಎಲ್ಲಿ ಅದಾಳ ಹುಡುಕು. ಒಂದು ಸೀರಿ ಹೊಚ್ಚಿ ಬಾ" ಎಂದಿದ್ದಳು.

ಹೊಸ ಸೀರೆ ತೆಗೆದುಕೊಂಡು ಜವಳಗೇರಾಕ್ಕೆ ಹೋದೆ. ಆ ಹುಡುಗಿಯ ದೊಡ್ಡಣ್ಣ ನನ್ನ ಗುರುತು ಹಿಡಿದ. ಮುಂದೆ ಮುಂದೆ ನಡೆದು ಬದುವಿನ ಮೇಲೆ ನಿಂತ. ಕಾಲುವೆಗೆ ನೀರು ಬಂದು, ಹಳೆಯ ಹೂಳುವ ಜಾಗವನ್ನೆಲ್ಲ ಮಟ್ಟ ಮಾಡಿ ಗದ್ದೆ ಮಾಡಿದ್ದರು. "ಇಲ್ಲೇ ಎಲ್ಲ್ಯೋ ಇದ್ದ್ಳ್ರೀ" ಎಂದ. ಇದ್ದಳು ಎಂದ, ಇದ್ದ ಎನ್ನಲಿಲ್ಲ. ಹೇಳಿ ಮುಖ ತಿರುಗಿಸಿಕೊಂಡ.

ಮೊಣಕಾಲುದ್ದ ನೀರಿನಲ್ಲಿ ಹೆಂಗಸರು ಬಗ್ಗಿ ನೆಲ್ಲು ನಾಟಿ ಮಾಡುತ್ತಿದ್ದರು. ಎಲ್ಲಿ ಹೊದಿಸಲಿ? ಹೊತ್ತು ಇಳಿಯುವವರೆಗೆ ನಿಂತು ವಾಪಸು ಬಂದೆ. ಸೀರೆ ಇನ್ನೂ ನನ್ನ ಟ್ರಂಕಿನಲ್ಲೇ ಇದೆ.